ಫ್ರಿಜ್ಜಿನಲ್ಲೊಂದು ಹಾಲು ಹಲ್ಲು

ಮಗಳ ಹಾಲು ಹಲ್ಲೊಂದನ್ನು ನಾನು ಎರಡು ದಿನ ಫ್ರಿಜ್ಜಿನಲ್ಲಿಟ್ಟಿದ್ದೆ. ಸ್ಟೀಲ್ ಲೋಟದಲ್ಲಿ, ಹಾಲಿನೊಳಗೆ, ನಿಂಬೆ ಉಪ್ಪಿನಕಾಯಿಯ ಪಕ್ಕದಲ್ಲಿ. ಪುತ್ತೂರಿನಲ್ಲಿ ವಿಜ್ಞಾನ ಕಲಿಸುವ ಟೀಚರಿಂದ ಇಷ್ಟಾದರೂ ಆಗಬೇಡವೇ?

ಹಾಲು ಹಲ್ಲಿನ ತಿರುಳಿನಲ್ಲಿ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುತ್ತವೆ. ಮೂಳೆ, ನರ ಮುಂತಾದವುಗಳ ರಿಪೇರಿಗೆ ಅವು ಒದಗಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ವಾಟ್ಸಾಪಿನಲ್ಲಿ ನನಗೆ ಬಂದ ವೀಡಿಯೊಗೆ ಅಷ್ಟು ತಾಳ್ಮೆ ಇರಲಿಲ್ಲ. ಅದರಲ್ಲಿ ಕುಂಟುವವರು ಆಗಲೇ ಓಡುತ್ತಿದ್ದರು. ಮೊಣಕಾಲು ಸವೆದು ಗೋಡೆ ಹಿಡಿದು ನಡೆಯುವ ನನ್ನ ಅಮ್ಮನ ನೆನಪಾಯಿತು. ಮಗಳಿಗೆ ಆ ಗತಿ ಬರಬಾರದು. ಹಾಗಾಗಿ ಚಕ್ಕುಲಿ ಕಡಿಯುವಾಗ ಹಲ್ಲು ಬಿದ್ದದ್ದೇ ತಡ, ಹಾಲಿಗೆ ಹಾಕಿ, ನಾವಿರುವ ದರ್ಬೆ ಪೇಟೆಯ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ.

"ಟೀಚರೇ, ತಿರುಳಲ್ಲಿ ಜೀವ ಇರುವಾಗಲೇ ತೆಗೆದು, ತಂಪು ಪೆಟ್ಟಿಗೆಯಲ್ಲಿ ಕಾಂಡಕೋಶದ ಬ್ಯಾಂಕಿಗೆ ಕಳಿಸ್ಬೇಕು. ವಾರಗಟ್ಟಲೆ ನೇತಾಡಿ ಬಿದ್ದ ಹಲ್ಲಲ್ಲಿ ಎಂತ ಉಂಟು?" ಎಂದರು.

ಆದರೂ ಲೋಟ ತೆಗೆಯಲಿಲ್ಲ. ಆಸೆಗೆ ವಿಜ್ಞಾನ ಅರ್ಥವಾಗುವುದಿಲ್ಲ, ಟೀಚರಾದರೂ ಅಷ್ಟೇ.

ಆಲಂಕಾರು ಹಳ್ಳಿಯಲ್ಲಿರುವ ನಮ್ಮ ಅತ್ತೆಯ ಪದ್ಧತಿಗೆ ಪೆಟ್ಟಿಗೆ ಬೇಡ. ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆದರೆ ಹೊಸ ಹಲ್ಲು ಬರುತ್ತದೆ. ದರ್ಬೆಯಲ್ಲಿ ಸೆಗಣಿ ಎಲ್ಲಿ ಸಿಗಬೇಕು? ಅತ್ತೆ ಮರುದಿನವೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿಳಿದರು. ಪಕ್ಕದಲ್ಲಿ ಕೂತವರ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಸೆಯಬೇಕಾದ ಹಲ್ಲು ಹಾಲಿನಲ್ಲಿ ಕೂತಿದೆಯೆಂದು ತಿಳಿದಾಗ ನನ್ನನ್ನೊಮ್ಮೆ, ಫ್ರಿಜ್ಜನ್ನೊಮ್ಮೆ ನೋಡಿದರು. ಸೆಗಣಿ ಬಾಲ್ಕನಿಯಲ್ಲಿ ಒಣಗತೊಡಗಿತು.

ಇಷ್ಟರಲ್ಲಿ ಮಗಳು ನಗುವುದನ್ನೇ ಬಿಟ್ಟಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಅಮ್ಮ, ಹಲ್ಲು ಫ್ರಿಜ್ಜಲ್ಲೇ ಇದ್ರೆ ಹೊಸತಕ್ಕೆ ಬರ್ಲಿಕ್ಕೆ ಗೊತ್ತಾಗ್ತದಾ?"

ಅವಳ ಮುದಿತನದ ಮೊಣಕಾಲಿನ ಚಿಂತೆಯಲ್ಲಿ ಏಳು ವರ್ಷದ ಬಾಯಿಯನ್ನೇ ಮರೆತಿದ್ದೆ. ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಗೊತ್ತಿಲ್ಲದೆ ಅದೇ ಲೋಟದ ಹಾಲಿನಲ್ಲಿ ಚಹಾ ಮಾಡಿಕೊಂಡು, ಇವತ್ತು ಚಹಾ ಒಳ್ಳೆಯದಾಗಿದೆ ಎಂದರು. ಹಲ್ಲು ಜಾಲರಿಯಲ್ಲಿ, ಚಹಾದ ಚರಟದ ನಡುವೆ ಕುಳಿತಿತ್ತು. ಅತ್ತೆ ಅದನ್ನು ತೊಳೆದು, ಒಣಗಿದ ಸೆಗಣಿಗೆ ನೀರು ಚಿಮುಕಿಸಿ ಸುತ್ತಿದರು. ಮಗಳು ಅಂಗಳದಿಂದ ಎಸೆದಳು. ಟೆರೇಸಿನ ತಗಡಿನ ಮಾಡಿನ ಮೇಲೆ ಅದು ಟಣ್ಣೆಂದಾಗ ಅವಳ ಕೈ ಬಾಯಿಂದ ಕೆಳಗಿಳಿಯಿತು.

ಆಮೇಲೆ ದಿನಾ ಬೆಳಿಗ್ಗೆ ಅವಳ ಒಸಡನ್ನು ಕದ್ದು ನೋಡುತ್ತಿದ್ದವಳು ನಾನೇ. ಕೊನೆಗೂ ಬಿಳಿಯ ತುದಿ ಇಣುಕಿತು. ಒಸಡಿನೊಳಗೆ ಅದು ಮೊದಲೇ ತಯಾರಾಗಿತ್ತು ಎಂದೆ. ಅತ್ತೆ ಹೂಂ ಎಂದರು, ಸೋತವರಿಗೆ ಹೇಳುವ ಹಾಗೆ.

ಈಗ ಪಕ್ಕದ ಹಲ್ಲು ಅಲ್ಲಾಡುತ್ತಿದೆ. ಫ್ರಿಜ್ಜಿನಲ್ಲಿ ಮತ್ತೆ ಜಾಗ ಮಾಡಿದ್ದೇನೆ. ಹಲ್ಲಿಗಲ್ಲ, ಸೆಗಣಿಗೆ, ಈ ಸಲ ಅದು ಒಣಗಬಾರದಲ್ಲ.