ಇಳಕಲ್ಲೋ, ಇರಕಲ್ಲೋ?

"ಎರಡೂ ಅಂಗಡಿ ಜೋಡಿಸಿಬಿಡ್ರಿ ಮೇಡಂ. ಆಮ್ಯಾಲ ಅವ್ರಿಬ್ಬರೂ ಮಾತಾಡೋ ಜರೂರತ್ತೇ ಇಲ್ಲ!"

ಭಾಲ್ಕಿಯ ಕಾಶಪ್ಪ ಕಾಕಾ ಹೀಗಂದಾಗ ಚಹಾ ಕುಡಿಯುತ್ತಿದ್ದ ನಾನು ಕಪ್ಪು ಕೆಳಗಿಟ್ಟೆ. ಕಾಕಾ ಅವರದು ಸೀರೆ ವ್ಯಾಪಾರ. ಭಾಲ್ಕಿಯ ಅಂಗಡಿ ಹಿರಿಮಗ ಶಿವರಾಜನದು, ಔರಾದಿನದು ಕಿರಿಯ ಸಂತೋಷನದು. ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನನ್ನ ಕೆಲಸ, ಬೀದರಿನಿಂದ ಓಡಾಡಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೂಡಿಸಿಕೊಡುವುದು.

"ಆಗ್ತದ್ರಿ" ಎಂದುಬಿಡುವುದು ಸುಲಭ. (ನಮ್ಮ ಕಡೆ ಯಾರಿಗೆ ತಾನೇ ಇಲ್ಲ ಅನ್ನಲು ಬಾಯಿ ಬರುತ್ತದೆ?) ಆದರೂ ಹೇಳಿದೆ: "ಸ್ಟಾಕ್ ಜೋಡಿಸ್ತೇನಿ ಕಾಕಾ. ಆದ್ರ ಮಾಲಿಗಿ ಎರಡೂ ಕಡಿ ಒಂದೇ ಹೆಸರಿರಬೇಕು. ಅದನ್ನ ನಿಮ್ಮ ಮಕ್ಕಳೇ ಮಾತಾಡಿ ಠರಾಯಿಸಬೇಕು."

"ಕಂಪ್ಯೂಟರಿಗಿ ಅಷ್ಟೂ ತಿಳಿಯಂಗಿಲ್ಲೇನ್ರಿ?" ಕಾಕಾ ನಕ್ಕರು.

ಜೋಡಿಸಿಕೊಟ್ಟೆ, ಆದರೆ ಕಂಪ್ಯೂಟರಿಗೆ ತಿಳಿಯಲಿಲ್ಲ. ಭಾಲ್ಕಿಯಲ್ಲಿ ಅದು ಇಳಕಲ್ ಸೀರೆ. ಔರಾದಿನಲ್ಲಿ, ಡಾಬಕಾ ಕಡೆಯ ಮರಾಠಿ ಗಿರಾಕಿಗಳ ಬಾಯಲ್ಲಿ, ಅದೇ ಸೀರೆ ಇರಕಲ್. ಉಡುವವರಿಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಬೇರೆ ಬೇರೆ. ಔರಾದಿನ ಕಪಾಟು ತುಂಬಿದ್ದರೂ ಭಾಲ್ಕಿಯ ಸ್ಕ್ರೀನ್ 'ಸ್ಟಾಕ್ ಇಲ್ಲ' ಎಂದಿತು. ಮದುವೆ ಜವಳಿಗೆಂದು ಹಲಬರ್ಗಾದಿಂದ ಬಂದವರು ಬರಿಗೈಲಿ ಹೋದರು. ಕಾಕಾರ ಮುಖ ಸಣ್ಣದಾಯಿತು.

ಇಬ್ಬರಿಗೂ ಫೋನ್ ಮಾಡಿದೆ.

"ನಾ ಯಾಕ ಬದಲಿಸಲಿ? ಅಂವ ಬದಲಿಸಲಿ," ಎಂದ ಶಿವರಾಜ.

"ನಮ್ಮ ಗಿರಾಕಿ ಇರಕಲ್ ಅಂತಾರ. ಅಣ್ಣಗ ಹೇಳ್ರಿ ಮೇಡಂ," ಎಂದ ಸಂತೋಷ.

"ನೀವೇ ಹೇಳ್ರಿ," ಎಂದೆ. ಫೋನ್ ಕಟ್.

ಮರುವಾರ ಭಾಲ್ಕಿಯ ಅಂಗಡಿಯಲ್ಲಿ ಕೂತು ಸ್ಕ್ರೀನ್ ತೆರೆದರೆ ಮತ್ತೆ ಎರಡು ಹೆಸರು! ಕನ್ನಡಕ ಒರೆಸಿಕೊಂಡು ನೋಡಿದೆ. ಈಗ ಭಾಲ್ಕಿಯಲ್ಲಿ ಇರಕಲ್. ಔರಾದಿನಲ್ಲಿ ಇಳಕಲ್.

ಹೇಳದೆ ಕೇಳದೆ ಇಬ್ಬರೂ ಬದಲಿಸಿಬಿಟ್ಟಿದ್ದರು.

ಕಾಕಾಗೆ ತೋರಿಸಿದೆ. ಬೆರಳಿಟ್ಟು ಎರಡೂ ಹೆಸರು ಓದಿದರು. "ಸಣ್ಣವ್ರಿದ್ದಾಗೂ ಹಿಂಗೇರಿ. ಕಡೀಕ ಉಳಿದ ಹೋಳಿಗಿ ನೀ ತಿನ್ನು, ನೀ ತಿನ್ನು ಅಂತ ತಾಟಿನ್ಯಾಗ ಬಿಟ್ಟೇಳ್ತಿದ್ರು." ನನ್ನ ಫೋನಿನಿಂದಲೇ ಔರಾದಿಗೆ ಹಚ್ಚಿಸಿ, ಗಲ್ಲಾ ಪೆಟ್ಟಿಗೆಯ ಹತ್ತಿರವಿದ್ದ ಶಿವರಾಜನ ಕೈಗೆ ಕೊಟ್ಟರು.

ಶಿವರಾಜ ಫೋನು ಕಿವಿಗಿಟ್ಟುಕೊಂಡ. "ಹುಚ್ಚಪ್ಯಾಲಿ, ನೀ ಯಾಕ ಬದಲಿಸ್ದಿ?"

"ನೀ ಯಾಕ ಬದಲಿಸ್ದಿ ಅಣ್ಣಾ?" ಆಚೆಯ ದನಿ ನನಗೂ ಕೇಳಿಸಿತು.

ಹೆಸರು ಆಮೇಲೆ ಠರಾಯಿಸಿದರಾಯಿತು ಎಂದು ನಾನು ಕಾಕಾ ತರಿಸಿದ್ದ, ತಣ್ಣಗಾದ ಚಹಾ ಕುಡಿದೆ.

ಇಬ್ಬರು ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಟ್ಟದ್ದನ್ನೂ 'ಮ್ಯಾಚ್ ಆಗುತ್ತಿಲ್ಲ' ಎಂದು ತೋರಿಸುವ ಮಷಿನ್‌ನಿಂದ ನಾವು ಎಷ್ಟು ತಾನೇ ನಿರೀಕ್ಷಿಸೋಣ, ಹೇಳಿ?