ಸಂಜೆ ಆರರ ನಾಲ್ಕು ಡಿಗ್ರಿ

ಉಮರಬ್ಬ, ಆ ಭಾನುವಾರ ಸಂಜೆ ಆರು ಗಂಟೆಗೆ ನಾನು ಕೋಲ್ಡ್ ರೂಮಿನ ಥರ್ಮಾಮೀಟರ್ ನೋಡಿರಲಿಲ್ಲ. ಚಾರ್ಟಿನಲ್ಲಿ 'ಸಂಜೆ ಆರು, ನಾಲ್ಕು ಡಿಗ್ರಿ' ಎಂದು ಮಧ್ಯಾಹ್ನ ಹನ್ನೆರಡಕ್ಕೇ ಬರೆದಿಟ್ಟು ಹೋಗಿದ್ದೆ — ಕುಲಶೇಖರದ ನಮ್ಮ ಮನೆಗೆ, ಮೇರಿ ಮಾತೆಯ ಮೊಂತಿ ಹಬ್ಬದ ಹೊಸ ತೆನೆಯ ಊಟಕ್ಕೆ.

ನೀವು ಅಡುಗೆ ಮಾಡುತ್ತಿದ್ದ ಹೋಟೆಲಿನಲ್ಲಿ ನನ್ನ ಕೆಲಸವೇ ಅದಾಗಿತ್ತು — ಅಡುಗೆಮನೆ ಕ್ಲೀನ್ ಉಂಟೋ, ಆಹಾರ ಸರಿಯಾದ ತಂಪಿನಲ್ಲಿ ಉಂಟೋ ಎಂದು ನೋಡಿ ಬರೆಯುವುದು. ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್ ಹೊಗಳುತ್ತಿದ್ದರು. ಅಷ್ಟು ನೀಟಾದ ಚಾರ್ಟ್ ಸುಳ್ಳು ಹೇಳೀತೆಂದು ಯಾರಿಗೆ ಹೊಳೆಯಬೇಕು!

ಮರುದಿನ ನಿಶ್ಚಿತಾರ್ಥದ ಊಟದಲ್ಲಿ, ನೀವು ಭಾನುವಾರ ಮಾಡಿಟ್ಟ ಪುಡಿಂಗ್ ತಿಂದವರು ವಾಂತಿಯಾಗಿ ಆಸ್ಪತ್ರೆ ಸೇರಿದರು. ಕೋಲ್ಡ್ ರೂಮ್ ಭಾನುವಾರ ಮಧ್ಯಾಹ್ನದಿಂದಲೇ ಆಫ್ ಆಗಿತ್ತು, ಏಳು ಗಂಟೆಗೆ ತಾನೇ ಸ್ವಿಚ್ ಹಾಕಿದ್ದು ಎಂದ ಎಲೆಕ್ಟ್ರಿಶಿಯನ್. ಮ್ಯಾನೇಜರ್ ಚಾರ್ಟ್ ತೆರೆದರು.

"ಎಂತ ಮೇಡಂ, ಆರು ಗಂಟೆಗೆ ನೋಡಿಯೇ ಬರೆದದ್ದಲ್ವಾ?"

"ಹೌದು ಸರ್. ನೋಡಿಯೇ ಬರೆದದ್ದು."

ಆಗ ನೀವು — ನನ್ನನ್ನು ಸದಾ ಬಾಯಮ್ಮ ಎಂದೇ ಕರೆಯುತ್ತಿದ್ದ ನೀವು — ಎಲೆಕ್ಟ್ರಿಶಿಯನ್‌ನನ್ನೇ ಗದರಿದಿರಿ. "ಸುಮ್ಮನಿರು ಮಾರಾಯ! ನಿನಗೆ ದಿನ ತಪ್ಪಿರಬೇಕು. ಬಾಯಮ್ಮ ನೋಡದೆ ಬರೆಯುವ ಜನ ಅಲ್ಲ. ನನ್ನ ಕೈಯಲ್ಲೇ ಎಂತದೋ ತಪ್ಪಾಗಿದೆ."

ಅಂದೇ ನಿಮ್ಮನ್ನು ಕೆಲಸದಿಂದ ತೆಗೆದರು. ನಾನು — ನಾನು ಮರುದಿನ ಬೆಳಿಗ್ಗೆಯ ಡಿಗ್ರಿ ಬರೆದೆ.

ರಮ್ಜಾನ್ ತಿಂಗಳಿಡೀ ನಿಮ್ಮ ಅಡುಗೆಯ ರುಚಿ ನೋಡುತ್ತಿದ್ದವಳು ನಾನಲ್ಲವೇ? ಉಪವಾಸದ ನೀವು ಸೌಟು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದಿರಿ. ಉಪ್ಪು ಸಾಲದೆಂದರೆ, "ನಿಮಗೆ ಪ್ರೆಶರ್ ಉಂಟಲ್ಲ ಬಾಯಮ್ಮ, ಡಾಕ್ಟರ್ ಬೇಡ ಅಂದದ್ದಕ್ಕೇ ನಿಮ್ಮ ನಾಲಿಗೆ ಇನ್ನೂ ಕೇಳ್ತದೆ!" ಎಂದು ನಗುತ್ತ ಚಿಟಿಕೆ ಉಪ್ಪು ಹಾಕುತ್ತಿದ್ದಿರಿ. ಈಗಲೂ ಆ ತಿಂಗಳು ಬಂದರೆ ಸಂಜೆ ನನ್ನ ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲುತ್ತೇನೆ, ಯಾರೋ ಕರೆಯುವರೆಂಬಂತೆ. ಮಿಸ್ ಮಾಡಿಕೊಂಡೆ ಎಂದರೆ — ಛೆ, ಅದು ತೀರ ಸಣ್ಣ ಮಾತು.

ಕನ್ಫೆಷನ್‌ನಲ್ಲಿ ಪಾದ್ರಿಗಳಿಗೆ ಹೇಳಿದೆ, ಅವರು ಹೇಳಿದ ಪ್ರಾರ್ಥನೆಗಳನ್ನೆಲ್ಲ ಮುಗಿಸಿದೆ. ಆದರೆ ಆ ಮಾತು ಬೀಳಬೇಕಾದದ್ದು ನಿಮ್ಮ ಕಿವಿಗೆ...

ಮೊನ್ನೆ ಮೀನು ಮಾರ್ಕೆಟಿನಲ್ಲಿ ನಿಮ್ಮ ಮಗಳು ಸಿಕ್ಕಳು. "ತಂದೆ ಆಮೇಲೆ ಒಲೆ ಮುಟ್ಟಲೇ ಇಲ್ಲ ಬಾಯಮ್ಮ. ನನ್ನ ಮದುವೆಗೂ ಇಲ್ಲ. ತನ್ನ ಕೈಯನ್ನು ನಂಬಲಿಕ್ಕೆ ಆಗುದಿಲ್ಲ ಅಂತಾರೆ."

ಇಪ್ಪತ್ತು ವರ್ಷ! ನಾನು ಕಿತ್ತುಕೊಂಡದ್ದು ಕೆಲಸವನ್ನಷ್ಟೇ ಎಂದುಕೊಂಡಿದ್ದೆ.

ನಿಮ್ಮ ಕೈ ತಪ್ಪಿರಲಿಲ್ಲ, ಉಮರಬ್ಬ. ನಾಳೆ ಕುದ್ರೋಳಿಯ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಮಗಳ ಎದುರು, ಅಳಿಯನ ಎದುರು ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ — ಹಾಕಿಕೊಳ್ಳಿ — ಬೀದಿಯಲ್ಲೇ ನಿಂತು ಹೇಳುತ್ತೇನೆ, ನೆರೆಮನೆಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.