ಒಳಲೆ ತುಂಬ ಜ್ವರದ ಔಷಧ

ಮಾನ್ವಿಯಲ್ಲಿರುವ ಮಗಳ ಮನೆಗೆ ಹೋದಾಗ, ಬೀಗತಿ ಜ್ವರದ ಔಷಧವನ್ನು ಹಾಲು ಕುಡಿಸುವ ಒಳಲೆಗೆ ಸುರಿದು ನನ್ನ ಮೊಮ್ಮಗನ ಬಾಯಿಗೆ ಹಿಡಿದಿದ್ದಳು. ಕೂಸು ಇನ್ನೂ ಅಂಬೆಗಾಲಿಡುತ್ತಿರಲಿಲ್ಲ.

“ಬೀಗತೇರ, ಬಾಟ್ಲಿ ಜೋಡಿ ಕೊಟ್ಟ ಡ್ರಾಪರ್ ಎಲ್ಲಿಟ್ಟೀರಿ?” ಎಂದೆ.

“ಅದರಾಗ ನನ್ನ ಕಿವಿಗೆ ಎಣ್ಣಿ ಬಿಡಾಕತ್ತೀನಿ. ಎಂಟು ಮಕ್ಕಳ್ನ ಇದೇ ಒಳಲ್ಯಾಗ ಬೆಳಸೀನಿ. ಒಂದ ಹಡದಾಕಿ, ನೀ ನನಗ ಹೇಳ್ತಿ?”

ಸಂಜೆಗೆ ಕೂಸು ವಾಂತಿ ಮಾಡಿ, ಕರೆದರೂ ಕಣ್ಣು ತೆರೆಯದಾಯಿತು. ರಾಯಚೂರಿನ ದವಾಖಾನೆಗೆ ಒಯ್ದೆವು. ಹನಿ ಲೆಕ್ಕದಲ್ಲಿ ಹಾಕುವ ಗಟ್ಟಿ ಔಷಧವನ್ನು ಒಳಲೆಗಟ್ಟಲೆ ಕುಡಿಸಿದ್ದಾರೆಂದು ಡಾಕ್ಟರು ಎಲ್ಲರನ್ನೂ ಬೈದರು. ಕೂಸು ಉಳಿಯಿತು.

ನನ್ನ ದೃಷ್ಟಿ ತಾಗಿತೆಂದು ಬೀಗತಿ ಓಣಿಗೆಲ್ಲ ಹೇಳಿದಳು. ಮಗಳು ಆಮೇಲೆ ನನ್ನನ್ನು ಕರೆದೇ ಇಲ್ಲ. ಕರೆಯದಿದ್ದರೆ ಬೇಡ. ಕೂಸಿಗೆ ಮತ್ತೆ ಜ್ವರ ಬಂದರೆ ಔಷಧ ಹಾಕುವಾಕೆ ಮಾತ್ರ ಅದೇ ಬೀಗತಿ.